ಕನ್ನ ಅಲ್ಲ, ಕಿತಾಪತಿ

“ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲಾ, ಒಂದು ಇನ್‌ಸ್ಟಾ ಅಕೌಂಟ್ ಹ್ಯಾಕ್ ಮಾಡಿಕೊಡೋಕಾಗುತ್ತಾ?”

ಈ ಪ್ರಶ್ನೆ ಎದುರಿಸದ ಎಂಜಿನಿಯರ್ ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗ ಪಕ್ಕದವರು ಮೆಲ್ಲಗೆ ಕೇಳ್ತಾರೆ. ಹಳೇ ಸಹಪಾಠಿ ಮೂರು ವರ್ಷದ ಮೇಲೆ ಮೆಸೇಜ್ ಮಾಡಿ, ಹೇಗಿದ್ದೀಯ ಅಂತ ವಿಚಾರಿಸಿ, ಎರಡನೇ ಸಾಲಿಗೇ ವಿಷಯಕ್ಕೆ ಬರ್ತಾನೆ. ಆಗಲ್ಲ ಅಂದರೆ “ಮತ್ತೆ ನೀನು ಓದಿದ್ದೇನು?” ಅನ್ನೋ ನೋಟ. ಈಗೀಗ ನಾನು, “ಹ್ಯಾಕಿಂಗ್ ಬರುತ್ತೆ, ಆದರೆ ನೀವು ಕೇಳ್ತಿರೋದು ಕಳ್ಳತನ” ಅಂತೀನಿ. ಕೆಲವರು ನಗ್ತಾರೆ. ಕೆಲವರು ಪಾಯಸದ ಕಡೆ ತಿರುಗ್ತಾರೆ.

ಅವರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಪತ್ರಿಕೆ, ಟೀವಿಗಳು ಹ್ಯಾಕಿಂಗ್‌ಗೆ ಹುಡುಕಿಕೊಂಡಿರುವ ಕನ್ನಡ ಪದವೇ ‘ಕನ್ನ’. ಬ್ಯಾಂಕ್ ಖಾತೆಗೆ ಕನ್ನ, ಇಲಾಖೆಯ ವೆಬ್‌ಸೈಟ್‌ಗೆ ಕನ್ನ. ಕನ್ನ ಅಂದರೆ ರಾತ್ರಿ ಹೊತ್ತು ಕಳ್ಳ ಮನೆಯ ಗೋಡೆಗೆ ಕೊರೆಯುವ ತೂತು. ತಲೆಬರಹಕ್ಕೆ ಚೆನ್ನಾಗಿ ಕೂರುತ್ತೆ, ಅಕ್ಷರವೂ ಕಮ್ಮಿ. ಆದರೆ ಹ್ಯಾಕಿಂಗ್ ಅನ್ನೋ ಪದ ಹುಟ್ಟಿದ್ದು ಬೇರೆಯದೇ ಅರ್ಥದಲ್ಲಿ, ಮತ್ತು ಆ ಅರ್ಥಕ್ಕೆ ಸರಿಹೊಂದುವ ಪದ ನಮ್ಮ ಮನೆಗಳಲ್ಲೇ ಇದೆ. ರೇಡಿಯೊ ಬಿಚ್ಚಿ ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿಸಿಕೊಂಡ ಹುಡುಗನಿಗೆ ಅಜ್ಜಿ ಬೈಯ್ತಾರಲ್ಲ, “ಏನೋ ಅದು ನಿನ್ನ ಕಿತಾಪತಿ” ಅಂತ. ಅದೇ ಪದ.

ಅಮೆರಿಕದ ಎಂಐಟಿಯಲ್ಲಿ ಆಟಿಕೆ ರೈಲುಗಳ ಹುಚ್ಚಿರುವ ವಿದ್ಯಾರ್ಥಿಗಳ ಒಂದು ಕ್ಲಬ್ ಇತ್ತು, ಈಗಲೂ ಇದೆ. ಹೆಸರು ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್, ಶುರುವಾಗಿದ್ದು 1946ರಲ್ಲಿ. ಅದರಲ್ಲಿ ಎರಡು ಜಾತಿಯವರು. ಪುಟ್ಟ ಪುಟ್ಟ ಬೋಗಿಗಳಿಗೆ ಬಣ್ಣ ಬಳಿದು, ಬೆಟ್ಟ ಸೇತುವೆ ಕಟ್ಟಿ ಚಂದ ನೋಡುವವರು ಒಂದು ಕಡೆ. ಆ ಚಂದದ ಹಲಗೆಯ ಕೆಳಗೆ ನುಸುಳಿ, ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇ, ಸ್ವಿಚ್ಚುಗಳನ್ನು ಜೋಡಿಸಿ, ಯಾವ ರೈಲು ಯಾವ ಹಳಿಗೆ ಹೋಗಬೇಕು ಅನ್ನೋದರ ತಲೆಬಿಸಿ ಮಾಡಿಕೊಳ್ಳುವವರು ಇನ್ನೊಂದು ಕಡೆ. ಹ್ಯಾಕ್ ಅನ್ನೋ ಪದ ಓಡಾಡಿದ್ದು ಈ ಎರಡನೇ ಗುಂಪಿನ ಬಾಯಲ್ಲಿ. 1955ರ ಏಪ್ರಿಲ್‌ನ ಒಂದು ಸಭೆಯ ನಡಾವಳಿಯಲ್ಲಿ, ವಿದ್ಯುತ್ ವ್ಯವಸ್ಥೆಯ ಮೇಲೆ ಕೆಲಸ ಮಾಡುವವರು ಅಥವಾ ‘ಹ್ಯಾಕ್’ ಮಾಡುವವರು ದಯವಿಟ್ಟು ಮೇನ್ ಆರಿಸಿಕೊಳ್ಳಿ, ಫ್ಯೂಸ್ ಹೋಗ್ತಿದೆ ಅನ್ನೋ ಅರ್ಥದ ಕೋರಿಕೆ ದಾಖಲಾಗಿದೆ. ಹ್ಯಾಕಿಂಗ್‌ನ ಮೊದಮೊದಲ ಲಿಖಿತ ಉಲ್ಲೇಖಗಳಲ್ಲಿ ಒಂದು ಇದು, ಬಂದಿರೋದು ಫ್ಯೂಸ್ ಬಗೆಗಿನ ದೂರಿನಲ್ಲಿ! ನಮ್ಮ ಪಿಜಿಯ ಓನರ್ ಆಂಟಿ ಗೋಡೆಗೆ ಅಂಟಿಸುವ ನೋಟಿಸಿಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ.

1959ರಲ್ಲಿ ಅದೇ ಕ್ಲಬ್ಬಿನ ಪೀಟರ್ ಸ್ಯಾಮ್ಸನ್ ತಮ್ಮ ಗುಂಪಿನ ಪದಗಳಿಗೊಂದು ಪುಟ್ಟ ನಿಘಂಟು ಮಾಡಿದರು. ಅದರಲ್ಲಿ ಹ್ಯಾಕ್‌ಗೆ ಕೊಟ್ಟ ಅರ್ಥಗಳಲ್ಲಿ ಒಂದು, ಯಾವ ಉಪಯೋಗವೂ ಇಲ್ಲದ ಕೆಲಸ ಅಂತ. ಇನ್ನೊಂದು, ತನಗೆ ತಾನೇ ಕೊಟ್ಟುಕೊಂಡ ಕೆಟ್ಟ ಸಲಹೆಯ ಮೇರೆಗೆ ಹಚ್ಚಿಕೊಂಡ ಕೆಲಸ. ಕಿತಾಪತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗಂತೂ ಹೊಳೆಯಲ್ಲ. ಇದೇ ಹುಡುಗರ ಸುತ್ತಮುತ್ತಲಿನವರ ಕೈಗೆ ಆಮೇಲೆ ಪಿಡಿಪಿ-1 ಅನ್ನೋ ಕಂಪ್ಯೂಟರ್ ಸಿಕ್ಕಿತು. 1962ರಲ್ಲಿ ಅದರ ಮೇಲೆ ‘ಸ್ಪೇಸ್‌ವಾರ್’ ಅನ್ನೋ ಆಟ ಬರೆದರು. ಯಾರೂ ಬರೆಯಿರಿ ಅಂದಿರಲಿಲ್ಲ.

ಹಾಗಾದರೆ ಕಳ್ಳತನದ ಅರ್ಥ ಅಂಟಿಕೊಂಡಿದ್ದು ಯಾವಾಗ? ಫೋನ್ ಲೈನುಗಳ ಜೊತೆ ಆಟವಾಡುವವರಿಗೂ ಆ ಹೆಸರು 1963ರ ಹೊತ್ತಿಗೇ ತಗುಲಿತ್ತು. ಆದರೆ ಜನಸಾಮಾನ್ಯರ ತಲೆಯಲ್ಲಿ ಅದು ಗಟ್ಟಿಯಾಗಿ ಕೂತಿದ್ದು 1983ರಲ್ಲಿ. ಆ ವರ್ಷ ‘ವಾರ್‌ಗೇಮ್ಸ್’ ಸಿನಿಮಾ ಬಂತು, ಮನೆಯ ಕಂಪ್ಯೂಟರಿನಿಂದ ಅಮೆರಿಕದ ಸೇನೆಯ ಕಂಪ್ಯೂಟರಿಗೆ ಹೊಕ್ಕ ಹುಡುಗನ ಕಥೆ. ಅದೇ ವರ್ಷ ಮಿಲ್ವಾಕಿಯ ಒಂದಿಷ್ಟು ಹುಡುಗರು ಲಾಸ್ ಅಲಾಮೋಸ್ ಪ್ರಯೋಗಾಲಯದ ಕಂಪ್ಯೂಟರಿಗೂ ನ್ಯೂಯಾರ್ಕಿನ ಒಂದು ಕ್ಯಾನ್ಸರ್ ಆಸ್ಪತ್ರೆಯ ಕಂಪ್ಯೂಟರಿಗೂ ಹೊಕ್ಕಿದ್ದು ದೊಡ್ಡ ಸುದ್ದಿಯಾಯಿತು. ಸಿನಿಮಾ ಮತ್ತು ಸುದ್ದಿ ಒಟ್ಟಿಗೆ ಬಂದರೆ ಇನ್ನೇನು ಬೇಕು? ಹಳೇ ಹ್ಯಾಕರ್‌ಗಳು “ಅವರನ್ನ ಕ್ರ್ಯಾಕರ್ ಅನ್ನಿ, ನಮ್ಮ ಹೆಸರು ಬಿಟ್ಟುಬಿಡಿ” ಅಂತ ಗೋಗರೆದರು. 1993ರಲ್ಲಿ ಬಂದ ಇಂಟರ್‌ನೆಟ್ ಬಳಕೆದಾರರ ಅಧಿಕೃತ ಪದಕೋಶದಲ್ಲೂ, ಒಂದು ವ್ಯವಸ್ಥೆಯ ಒಳಗುಟ್ಟನ್ನು ಆಳವಾಗಿ ತಿಳಿಯುವುದರಲ್ಲಿ ಖುಷಿ ಕಾಣುವವರೇ ಹ್ಯಾಕರ್‌ಗಳು ಅಂತ ಬರೆದಿಟ್ಟರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ದೇಶದ ಕಾನೂನಿನ ಕಥೆ ಇನ್ನೂ ಮಜವಾಗಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೇ ಸೆಕ್ಷನ್‌ಗೆ ‘ಹ್ಯಾಕಿಂಗ್’ ಅಂತಲೇ ಹೆಸರಿಟ್ಟಿದ್ದರು. 2008ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, 2009ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಾಗ ಆ ಸೆಕ್ಷನ್ನಿನಿಂದ ಹ್ಯಾಕಿಂಗ್ ಪದವನ್ನೇ ತೆಗೆದುಹಾಕಿದರು. ಈಗ ಅದರ ಹೆಸರು ಕಂಪ್ಯೂಟರ್ ಸಂಬಂಧಿತ ಅಪರಾಧಗಳು. ಅನುಮತಿ ಇಲ್ಲದೆ, ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದೆಯಾ ಅನ್ನೋದು ಅದರ ಪ್ರಶ್ನೆ. ಮಾಡಿದ್ದರೆ 3 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾನೂನು ಪದವನ್ನು ಕೈಬಿಟ್ಟು ಇಷ್ಟು ವರ್ಷವಾಯಿತು, ನಮ್ಮ ತಲೆಬರಹಗಳು ಇನ್ನೂ ಬಿಟ್ಟಿಲ್ಲ.

ಸರಿ, ಒಳ್ಳೆಯ ಅರ್ಥದ ಹ್ಯಾಕಿಂಗ್ ಕಲಿಯಬೇಕು ಅಂದರೆ ಎಲ್ಲಿಂದ ಶುರು ಮಾಡೋದು? ಕಾಲೇಜು ಹುಡುಗರು ಕೇಳಿದಾಗ ನಾನು ಕೋರ್ಸಿನ ಹೆಸರು ಹೇಳೋದಿಲ್ಲ. ನೀವು ದಿನಕ್ಕೆ ಇಪ್ಪತ್ತು ಸಲ ಬಳಸುವ ಗೂಗಲ್ ಸರ್ಚಿನಿಂದಲೇ ಶುರು ಮಾಡಿ ಅಂತೀನಿ. ಫೋನಿನಲ್ಲೇ ಇದೆ, ಪುಕ್ಕಟೆ, ಕೆಟ್ಟುಹೋಗುತ್ತೆ ಅನ್ನೋ ಭಯವೂ ಇಲ್ಲ.

ಮೊದಲು ತಿಳಿಯಬೇಕಾದ್ದು, ನೀವು ಹುಡುಕಿದಾಗ ಗೂಗಲ್ ಆ ಕ್ಷಣಕ್ಕೆ ಇಂಟರ್‌ನೆಟ್ ತಡಕೋದಿಲ್ಲ. ಅದರ ಪ್ರೋಗ್ರಾಂಗಳು ಹಗಲೂ ರಾತ್ರಿ ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಿಡಿದು ಓಡಾಡಿ, ಸಿಕ್ಕಿದ್ದನ್ನೆಲ್ಲ ತಂದು, ದಪ್ಪ ಪುಸ್ತಕದ ಕೊನೆಯಲ್ಲಿರುತ್ತಲ್ಲ, ಅಂಥ ಒಂದು ಪದಸೂಚಿ ಮಾಡಿಟ್ಟಿರುತ್ತವೆ. ಯಾವ ಪದ ಯಾವ ಪುಟದಲ್ಲಿದೆ ಅನ್ನೋ ಪಟ್ಟಿ. ನೀವು ಹುಡುಕೋದು ಆ ಪಟ್ಟಿಯಲ್ಲಿ. ಇದೊಂದು ತಲೆಗೆ ಹೋದರೆ ಮಿಕ್ಕ ಚಮತ್ಕಾರಗಳೆಲ್ಲ ತಾನಾಗೇ ಅರ್ಥ ಆಗ್ತವೆ. ಮನುಷ್ಯನಿಗೆ ಪ್ರಶ್ನೆ ಕೇಳೋ ಹಾಗೆ ಕೇಳೋದಕ್ಕಿಂತ, ನಮಗೆ ಬೇಕಾದ ಪುಟದಲ್ಲಿ ಯಾವ ಪದಗಳು ಅಚ್ಚಾಗಿರಬಹುದು ಅಂತ ಊಹಿಸಬೇಕು. “ನನ್ನ ಬಾಡಿಗೆ ಅಡ್ವಾನ್ಸ್ ವಾಪಸ್ ಕೊಡ್ತಿಲ್ಲ ಏನ್ಮಾಡ್ಲಿ” ಅನ್ನೋ ವಾಕ್ಯ ಯಾವ ಕಾಯಿದೆಯ ಪುಸ್ತಕದಲ್ಲೂ ಇರಲ್ಲ. ‘ಭದ್ರತಾ ಠೇವಣಿ’, ‘ಬಾಡಿಗೆ ಕಾಯಿದೆ’ ಅನ್ನೋ ಪದಗಳು ಇರ್ತವೆ.

ಇನ್ನು ಉಪಕರಣಗಳು. ಎರಡು ಉದ್ಧರಣ ಚಿಹ್ನೆಗಳ ನಡುವೆ ಪದಗಳನ್ನಿಟ್ಟರೆ ಅದೇ ಪದಗಳು ಅದೇ ಕ್ರಮದಲ್ಲಿರುವ ಪುಟಗಳನ್ನು ಮಾತ್ರ ಕೊಡು ಅಂತ. ಬೇಡದ ಪದದ ಹಿಂದೆ ಜಾಗ ಬಿಡದೆ ಮೈನಸ್ ಹಾಕಿದರೆ ಅದಿರುವ ಪುಟಗಳು ಹೋಗ್ತವೆ. ಮೈಸೂರು ಬಗ್ಗೆ ಓದಬೇಕು, ಪಾಕ್ ಮಾಡೋ ವಿಧಾನ ಬೇಡ ಅಂದರೆ ‘ಪಾಕ್’ ಹಿಂದೆ ಮೈನಸ್. ಇಂಗ್ಲಿಷಿನಲ್ಲಿ ‘ಸೈಟ್’ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಒಂದು ವೆಬ್‌ಸೈಟಿನ ವಿಳಾಸ ಕೊಟ್ಟರೆ ಆ ಸೈಟಿನೊಳಗೆ ಮಾತ್ರ ಹುಡುಕುತ್ತೆ. ನಮ್ಮ ಇಲಾಖೆಗಳ ವೆಬ್‌ಸೈಟುಗಳಲ್ಲಿರುವ ಸರ್ಚ್ ಪೆಟ್ಟಿಗೆ ಬಳಸಿ ಸುಸ್ತಾದವರು ಇದನ್ನೊಮ್ಮೆ ಪ್ರಯತ್ನಿಸಿ, ಕೈ ಮುಗೀತೀರಿ. ಅದೇ ಥರ ‘ಫೈಲ್‌ಟೈಪ್’ ಬರೆದು, ಕೋಲನ್, ಆಮೇಲೆ ಪಿಡಿಎಫ್ ಅಂದರೆ ಪಿಡಿಎಫ್ ಕಡತಗಳು ಮಾತ್ರ. ಜಾಹೀರಾತಿನ ಬ್ಲಾಗುಗಳೆಲ್ಲ ಒಂದೇ ಏಟಿಗೆ ಮಾಯವಾಗಿ, ಆದೇಶ, ವರದಿ, ಪಠ್ಯಕ್ರಮಗಳು ಮೇಲೆ ಬರ್ತವೆ. 2019ರಲ್ಲಿ ‘ಬಿಫೋರ್’, ‘ಆಫ್ಟರ್’ ಬಂದವು. ಕೋಲನ್ ಹಾಕಿ ವರ್ಷ ಕೊಟ್ಟರೆ ಅದಕ್ಕಿಂತ ಹಿಂದಿನದು, ಮುಂದಿನದು.

ಇಂಗ್ಲಿಷಿನ ‘ಆರ್’ ಪದವನ್ನು ದೊಡ್ಡಕ್ಷರದಲ್ಲಿ ಬರೆದು ಎರಡು ಪದಗಳ ನಡುವೆ ಇಟ್ಟರೆ, ಇದಾದರೂ ಸರಿ ಅದಾದರೂ ಸರಿ ಅಂತ. ಕರ್ನಾಟಕದವರಿಗೆ ಇದು ವಿಶೇಷವಾಗಿ ಬೇಕು. 2014ರ ನವೆಂಬರ್ 1ರಂದು ನಮ್ಮ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಗುಲ್ಬರ್ಗ ಅಂತ ಹುಡುಕಿದರೆ ಹಳೇ ಕಡತ, ಕಲಬುರಗಿ ಅಂತ ಹುಡುಕಿದರೆ ಹೊಸ ಕಡತ. ಎರಡೂ ಬೇಕು ಅಂದರೆ ‘ಆರ್’.

ಇಲ್ಲಿಯವರೆಗೆ ಹೇಳಿದ್ದು ಯಾವ ರೀಲ್‌ನಲ್ಲೂ ಸಿಗುತ್ತೆ. ಇದನ್ನು ಹ್ಯಾಕಿಂಗ್ ಅನ್ನೋಕೆ ನನಗೂ ಸಂಕೋಚ, ಇದು ಸೌಟು ಹಿಡಿಯೋದು ಕಲಿತ ಹಾಗೆ. ಅಡುಗೆ ಶುರುವಾಗೋದು ಉಪಕರಣ ಕೆಲಸ ಮಾಡದೇ ಹೋದಾಗ.

ನಮ್ಮ ಸೋದರತ್ತೆಯ ವಿಷಯದಲ್ಲಿ ಹಾಗಾಯಿತು. ಮಾವ ಶಿಕ್ಷಕರಾಗಿದ್ದವರು, ತೀರಿಕೊಂಡರು. ಅತ್ತೆಗೆ ಬರಬೇಕಾದ ಪಿಂಚಣಿಯಲ್ಲಿ ಒಂದು ಬಾಕಿ ಉಳಿದಿತ್ತು. ಮಾವ ಇದ್ದಾಗ ಒಂದು ಸುತ್ತೋಲೆಯ ವಿಷಯ ಹೇಳುತ್ತಿದ್ದದ್ದು ಅತ್ತೆಗೆ ನೆನಪಿತ್ತು. ಕಚೇರಿಯಲ್ಲಿ ಮೂರು ಸಲ ಕೇಳಿದರೂ “ಅಂಥದ್ದೊಂದು ಆದೇಶವೇ ಇಲ್ಲಮ್ಮ, ಇದ್ದರೆ ನೀವೇ ತನ್ನಿ” ಅಂದರಂತೆ. “ನಿಮ್ಮ ಗೂಗಲ್‌ನಲ್ಲಿ ನೋಡು ಪುಟ್ಟಾ” ಅಂತ ಅತ್ತೆ ಫೋನ್ ಮಾಡಿದರು. ಕನ್ನಡದಲ್ಲಿ ಹುಡುಕಿದೆ, ಇಂಗ್ಲಿಷಿನಲ್ಲಿ ಹುಡುಕಿದೆ, ಇಲಾಖೆಯ ಸೈಟಿನೊಳಗೆ ಪಿಡಿಎಫ್ ಮಾತ್ರ ಅಂತ ಹುಡುಕಿದೆ. ಏನೂ ಇಲ್ಲ.

ಇಲ್ಲಿ ನಿಂತು ಯೋಚಿಸಬೇಕಾದ ಪ್ರಶ್ನೆ: ಆ ಕಡತವನ್ನು ಯಾರು, ಯಾವಾಗ, ಯಾವುದರಲ್ಲಿ ಟೈಪ್ ಮಾಡಿರ್ತಾರೆ? ಹತ್ತು ಹದಿನೈದು ವರ್ಷದ ಹಿಂದಿನ ಸರ್ಕಾರಿ ಕಡತ ಅಂದರೆ ಬಹುಪಾಲು ನುಡಿ ತಂತ್ರಾಂಶದ ಹಳೇ ಫಾಂಟು. ಈಗ ನಮ್ಮ ಫೋನಿನಲ್ಲಿರುವ ಕನ್ನಡ ಯೂನಿಕೋಡ್. ಅದರಲ್ಲಿ ‘ಕ’ ಅನ್ನೋದಕ್ಕೆ ತನ್ನದೇ ಆದ ಸಂಖ್ಯೆ ಇದೆ, ಜಗತ್ತಿನ ಯಾವ ಕಂಪ್ಯೂಟರಿಗೂ ಅದು ‘ಕ’ ಅಂತಲೇ ಗೊತ್ತು. ಹಳೇ ನುಡಿ ಫಾಂಟುಗಳು ಹಾಗಲ್ಲ. ಅವು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳ ಸಂಖ್ಯೆಯನ್ನೇ ಇಟ್ಟುಕೊಂಡು, ಅವುಗಳ ಮುಖಕ್ಕೆ ಕನ್ನಡದ ಚಿತ್ರ ಅಂಟಿಸಿದ್ದವು. ಕಣ್ಣಿಗೆ ‘ಕರ್ನಾಟಕ’ ಅಂತ ಕಾಣುತ್ತೆ. ಆದರೆ ಒಳಗಿರೋದು ಇಂಗ್ಲಿಷಿನ ದೊಡ್ಡ ‘ಪಿ’, ತಲೆ ಮೇಲೆ ಗೀರಿರುವ ‘ಎ’, ಬ್ರಿಟಿಷರ ಪೌಂಡ್ ಚಿಹ್ನೆ, ಹೀಗೆ ಒಂದಿಷ್ಟು ಕಸ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನುಡಿ ಕಡತ ತೆರೆದವರು ಇದನ್ನು ನೋಡಿಯೇ ಇರ್ತೀರಿ.

ಗೂಗಲ್‌ಗೆ ಮುಖ ಕಾಣಲ್ಲ, ಒಳಗಿನ ಸಂಖ್ಯೆ ಮಾತ್ರ ಕಾಣುತ್ತೆ. ಅದರ ಪದಸೂಚಿಯಲ್ಲಿ ಆ ಸುತ್ತೋಲೆ ಇದ್ದರೂ ಪಿ, ಎ, ಪೌಂಡುಗಳ ರೂಪದಲ್ಲೇ ಇರಬೇಕು ತಾನೆ? ಹಾಗಾದರೆ ಕಸವನ್ನೇ ಹುಡುಕೋಣ! ಯೂನಿಕೋಡಿನಿಂದ ಹಳೇ ನುಡಿಗೆ ಪರಿವರ್ತಿಸುವ ಪುಟ್ಟ ತಂತ್ರಾಂಶಗಳು ಸಿಗ್ತವೆ. ‘ಕುಟುಂಬ ಪಿಂಚಣಿ’ ಅಂತ ಬರೆದು, ಪರಿವರ್ತಿಸಿ, ಬಂದ ಕಸವನ್ನು ಹಾಗೇ ಎತ್ತಿ ಸರ್ಚ್ ಪೆಟ್ಟಿಗೆಗೆ ಹಾಕಿದೆ. ಪುಟಗಟ್ಟಲೆ ಪಿಡಿಎಫ್‌ಗಳು. ಅದುವರೆಗೆ ಇರಲೇ ಇಲ್ಲ ಅನ್ನಿಸಿದ್ದ ಒಂದು ಇಡೀ ಕನ್ನಡ ಇಂಟರ್‌ನೆಟ್ ಗೋಡೆಯಾಚೆ ಕೂತಿತ್ತು. ಪಿಡಿಎಫ್‌ಗಳಲ್ಲಿ ಅಕ್ಷರ ಮಧ್ಯೆ ಮಧ್ಯೆ ಮುರಿದಿರುತ್ತೆ, ಹಾಗಾಗಿ ಉದ್ದ ವಾಕ್ಯ ಹಾಕಿದರೆ ಸಿಗಲ್ಲ, ಒಂದೆರಡು ಸಣ್ಣ ಪದ ಸಾಕು. ಸ್ಕ್ಯಾನ್ ಮಾಡಿ ಏರಿಸಿದ ಫೋಟೊ ಕಡತಗಳಿಗೆ ಈ ಉಪಾಯ ಉಪಯೋಗವಿಲ್ಲ. ಅತ್ತೆಯ ಸುತ್ತೋಲೆ ನಾಲ್ಕನೇ ಪುಟದ ಫಲಿತಾಂಶದಲ್ಲಿತ್ತು. ಸಂಖ್ಯೆ, ದಿನಾಂಕ ಸಮೇತ ಪ್ರಿಂಟ್ ತೆಗೆದುಕೊಂಡು ಹೋದರು. ಬಾಕಿ ಬರೋಕೆ ಮತ್ತೂ ಐದು ತಿಂಗಳು ಹಿಡಿಯಿತು, ಅದು ಬೇರೆ ಮಾತು.

ನಾನು ಯಾವ ಪಾಸ್‌ವರ್ಡನ್ನೂ ಮುರಿಯಲಿಲ್ಲ. ಹಲಗೆಯ ಕೆಳಗೆ ತಲೆ ಹಾಕಿ ತಂತಿ ಎಲ್ಲಿಗೆ ಹೋಗಿದೆ ಅಂತ ನೋಡಿದೆ ಅಷ್ಟೆ. ರೈಲು ಕ್ಲಬ್ಬಿನ ಹುಡುಗರು ಇದನ್ನು ಹ್ಯಾಕ್ ಅಂತ ಒಪ್ಪಿಕೊಳ್ಳುತ್ತಿದ್ದರು ಅನ್ನೋ ಧೈರ್ಯ ನನಗಿದೆ.

ಈಗ ಆಫೀಸಿನ ಹೊಸ ಹುಡುಗರು ಕೇಳ್ತಾರೆ, ಎಐ ಇದೆಯಲ್ಲ, ಇವೆಲ್ಲ ಯಾಕೆ ಬೇಕು ಅಂತ. ನಾನೂ ದಿನವಿಡೀ ಅದನ್ನೇ ಬಳಸೋನು. ಆದರೆ ಕಚೇರಿಯ ಕೌಂಟರಿನಲ್ಲಿ “ಎಐ ಹೇಳಿದೆ” ಅಂದರೆ ನಡೆಯಲ್ಲ, ಆದೇಶದ ಪ್ರತಿಯೇ ಬೇಕು. ಮೂಲ ಕಾಗದ ಎಲ್ಲಿದೆ ಅನ್ನೋ ಪ್ರಶ್ನೆಗೆ ಹುಡುಕಾಟವೇ ಉತ್ತರ. ಗೂಗಲ್ ಮಾತ್ರ ತನ್ನ ಹಳೇ ಉಪಕರಣಗಳನ್ನು ಒಂದೊಂದಾಗಿ ಎತ್ತಿಡ್ತಿದೆ. 2011ರಲ್ಲಿ ಪ್ಲಸ್ ಚಿಹ್ನೆ ಹೋಯಿತು, 2024ರಲ್ಲಿ ಪುಟದ ಹಳೇ ಪ್ರತಿ ತೋರಿಸುವ ‘ಕ್ಯಾಶ್’ ಹೋಯಿತು. ಅಳಿಸಿಹೋದ ಪುಟ ಬೇಕಿದ್ದರೆ ಈಗ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನೇ ಗತಿ.

ಇದೇ ಸರ್ಚಿನಲ್ಲಿ ಕಾಣಬಾರದ್ದೂ ಕಾಣುತ್ತೆ. ಜಾನಿ ಲಾಂಗ್ ಅನ್ನೋ ಅಮೆರಿಕದ ಭದ್ರತಾ ತಜ್ಞ 2000ದ ದಶಕದ ಆರಂಭದಲ್ಲಿ, ಗೂಗಲ್‌ನಲ್ಲಿ ಏನು ಹುಡುಕಿದರೆ ಯಾರ ಮನೆಯ ಬಾಗಿಲು ತೆರೆದಿರೋದು ಕಾಣುತ್ತೆ ಅನ್ನೋದನ್ನು ಪಟ್ಟಿ ಮಾಡತೊಡಗಿದರು. ಅದಕ್ಕೆ ಗೂಗಲ್ ಹ್ಯಾಕಿಂಗ್ ಅಂತಲೇ ಹೆಸರಾಯಿತು, ಅದೇ ಹೆಸರಿನ ಪುಸ್ತಕವೂ ಬಂತು. ಯಾರೋ ಒಬ್ಬರು ಫಲಾನುಭವಿಗಳ ಎಕ್ಸೆಲ್ ಪಟ್ಟಿಯನ್ನು ಸಹೋದ್ಯೋಗಿಗೆ ಕಳಿಸೋಕೆ ಸುಲಭ ಅಂತ ವೆಬ್‌ಸೈಟಿನ ಫೋಲ್ಡರಿಗೆ ಹಾಕಿರ್ತಾರೆ. ಮುಖಪುಟದಲ್ಲಿ ಕೊಂಡಿ ಇಲ್ಲ, ಯಾರಿಗೆ ಕಾಣುತ್ತೆ ಅಂದುಕೊಂಡಿರ್ತಾರೆ. ಗೂಗಲ್‌ನ ಪ್ರೋಗ್ರಾಂಗೆ ಎಲ್ಲೋ ಒಂದು ಕೊಂಡಿ ಸಿಕ್ಕರೆ ಸಾಕು, ಪಟ್ಟಿ ಪದಸೂಚಿಗೆ ಸೇರ್ತು. ಇನ್ನು ಕೆಲವರು ‘ರೋಬಾಟ್ಸ್’ ಅನ್ನೋ ಕಡತದಲ್ಲಿ “ಈ ಈ ಫೋಲ್ಡರುಗಳನ್ನು ನೋಡಬೇಡ” ಅಂತ ಬರೆದು ನಿಶ್ಚಿಂತರಾಗ್ತಾರೆ. 1994ರಲ್ಲಿ ಹುಟ್ಟಿದ ಈ ಪದ್ಧತಿ ಬರೀ ವಿನಂತಿ, ಬೀಗ ಅಲ್ಲ. ಸಭ್ಯ ಪ್ರೋಗ್ರಾಂಗಳು ಪಾಲಿಸ್ತವೆ. ಆ ಕಡತ ಮಾತ್ರ ಯಾರು ಬೇಕಾದರೂ ಓದಬಹುದು, ಒಡವೆ ಇಟ್ಟ ಬೀರುವಿನ ಮೇಲೆ “ಇಲ್ಲಿ ಒಡವೆ ಇದೆ, ಮುಟ್ಟಬೇಡಿ” ಅಂತ ಚೀಟಿ ಅಂಟಿಸಿದ ಹಾಗೆ.

ನಮ್ಮಲ್ಲಿ ಇದರ ದೊಡ್ಡ ಪ್ರಕರಣ 2017ರದ್ದು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಆ ವರ್ಷ ಮೇ ತಿಂಗಳಲ್ಲಿ ಒಂದು ವರದಿ ಪ್ರಕಟಿಸಿತು. ಕೇಂದ್ರದ ಪಿಂಚಣಿ ಯೋಜನೆ, ಉದ್ಯೋಗ ಖಾತರಿ ಮತ್ತು ಆಂಧ್ರದ ಎರಡು ಯೋಜನೆಗಳು, ಹೀಗೆ ನಾಲ್ಕು ಸರ್ಕಾರಿ ಜಾಲತಾಣಗಳ ಮೂಲಕ ಸುಮಾರು 13ರಿಂದ 13.5 ಕೋಟಿ ಆಧಾರ್ ಸಂಖ್ಯೆಗಳೂ ಸುಮಾರು 10 ಕೋಟಿ ಬ್ಯಾಂಕ್ ಖಾತೆ ಸಂಖ್ಯೆಗಳೂ ಬಯಲಾಗಿರಬಹುದು ಅನ್ನೋದು ಅದರ ಅಂದಾಜು. ಆಧಾರ್ ಪ್ರಾಧಿಕಾರ ಆ ಸಂಸ್ಥೆಗೇ ಪತ್ರ ಬರೆಯಿತು. ಲಾಗಿನ್ ಇಲ್ಲದೆ ಸಿಗುವ ಮಾಹಿತಿ ಇದಲ್ಲ, ಅಕ್ರಮವಾಗಿ ಒಳಹೊಕ್ಕಿರಬೇಕು, ಯಾರು ಅಂತ ತಿಳಿಸಿ ಅನ್ನೋ ಧಾಟಿ. ಕನ್ನ ಹಾಕಿದ್ದು ಯಾರು ಅಂತ ಕೇಳಿದ ಹಾಗೆ.

ನಡೆದದ್ದನ್ನು ನೋಡಿ. ಆ ಜಾಲತಾಣಗಳಲ್ಲಿ ಒಂದರಲ್ಲಿ ವಿವರಗಳನ್ನು ಅರೆಬರೆ ಮುಚ್ಚಿ ತೋರಿಸುವ ಪುಟ ಇತ್ತು. ಅದರ ವಿಳಾಸದ ಸಾಲಿನಲ್ಲಿ ‘ನೋ ಲಾಗಿನ್’ ಅಂತ ಒಂದು ಕಡೆ ಇತ್ತು. ಅದನ್ನು ‘ಲಾಗಿನ್’ ಅಂತ ಬದಲಿಸಿದರೆ ಸಾಕು, ಪಾಸ್‌ವರ್ಡ್ ಕೇಳದೆ ಪೂರ್ತಿ ವಿವರ ಕಾಣುತ್ತಿತ್ತು. ಎರಡು ಅಕ್ಷರ ಅಳಿಸೋದು ಹ್ಯಾಕಿಂಗಾ? ಕಿತಾಪತಿಯ ಅರ್ಥದಲ್ಲಿ ಖಂಡಿತ ಹೌದು. ಕನ್ನದ ಅರ್ಥದಲ್ಲಿ? ಗೋಡೆಯೇ ಇಲ್ಲದ ಮನೆಗೆ ಕನ್ನ ಹಾಕೋದು ಹೇಗೆ ಅಂತ ನನ್ನ ಪ್ರಶ್ನೆ. ಆ ಹೊತ್ತಿಗೆ ಸುಮಾರು 210 ಸರ್ಕಾರಿ ಜಾಲತಾಣಗಳಲ್ಲಿ ಫಲಾನುಭವಿಗಳ ಹೆಸರು, ವಿಳಾಸ, ಆಧಾರ್ ಸಂಖ್ಯೆ ಬಹಿರಂಗವಾಗಿದ್ದವು ಅಂತ ಅದೇ ವರ್ಷ ಸರ್ಕಾರವೇ ಒಪ್ಪಿಕೊಂಡಿತು. ಕಂಡವರನ್ನು ಗದರಿದ್ದಕ್ಕಿಂತ ಇಟ್ಟವರನ್ನು ಗದರಿದ್ದರೆ ಚೆನ್ನಾಗಿತ್ತು.

ಹಾಗಂತ ಓದುಗರು ಈಗಲೇ ವಿಳಾಸದ ಸಾಲಿನಲ್ಲಿ ಅಕ್ಷರ ಅಳಿಸೋಕೆ ಕೂರಬೇಡಿ. ಸರ್ಚಿನಲ್ಲಿ ಬಂದ ಫಲಿತಾಂಶ ತೆರೆದು ನೋಡಿದ್ದು ಒಂದು. ಇದು ಬೇರೆಯವರ ಮಾಹಿತಿ ಅಂತ ಗೊತ್ತಾದ ಮೇಲೂ ಇಳಿಸಿಕೊಂಡಿದ್ದು, ಗೆಳೆಯರ ಗುಂಪಿಗೆ ಹಾಕಿದ್ದು, ಇನ್ನೇನಿದೆ ನೋಡೋಣ ಅಂತ ವಿಳಾಸದ ಸಂಖ್ಯೆ ಬದಲಿಸುತ್ತಾ ಹೋಗಿದ್ದು ಇನ್ನೊಂದು. ‘ಅನುಮತಿ ಇಲ್ಲದೆ’ ಅನ್ನೋ ಕಾನೂನಿನ ಎರಡು ಪದಗಳು ಬಹಳ ಅಗಲವಾಗಿವೆ. ನಿಮ್ಮ ಒಳ್ಳೆಯ ಉದ್ದೇಶ ಠಾಣೆಯಲ್ಲಿ ಅರ್ಥ ಆಗೋಕೆ ಸಮಯ ಹಿಡಿಯುತ್ತೆ. ತೆರೆದ ಬಾಗಿಲು ಕಂಡರೆ ಮನೆಯವರನ್ನು ಕೂಗಬೇಕು. ಅವರು ಓಗೊಡದಿದ್ದರೆ ದೇಶಕ್ಕೆಲ್ಲ ಒಂದು ಸಂಸ್ಥೆ ಇದೆ, 2004ರಿಂದ ಕೆಲಸ ಮಾಡ್ತಿರುವ ಸರ್ಟ್-ಇನ್. ಜನಸಾಮಾನ್ಯರೂ ಅದಕ್ಕೆ ಇಮೇಲ್ ಬರೆಯಬಹುದು.

ಸರ್ಚ್ ಹೇಗೆ ಕೆಲಸ ಮಾಡುತ್ತೆ ಅನ್ನೋದು ಕಳ್ಳರಿಗೂ ಚೆನ್ನಾಗಿ ಗೊತ್ತು ಅನ್ನೋದನ್ನು ಮರೆಯಬಾರದು. ಗಾಬರಿಯಲ್ಲಿ ನಾವು ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ಅಂತ ಹುಡುಕ್ತೀವಿ, ಮೊದಲು ಕಂಡಿದ್ದಕ್ಕೆ ಕರೆ ಮಾಡ್ತೀವಿ. ಅವರು ಅದೇ ಪದಗಳಿರುವ ಪುಟ ಮಾಡಿಟ್ಟು, ಮ್ಯಾಪಿನಲ್ಲಿ ಶಾಖೆಯ ಹೆಸರಿನ ಎದುರು ತಮ್ಮ ನಂಬರ್ ಸೇರಿಸಿ ಕಾಯ್ತಿರ್ತಾರೆ. ನಂಬರನ್ನು ಕಾರ್ಡಿನ ಹಿಂಭಾಗದಿಂದ ಅಥವಾ ಬ್ಯಾಂಕಿನ ಆ್ಯಪ್‌ನಿಂದಲೇ ತೆಗೆದುಕೊಳ್ಳಿ. ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಈ ಅಂಕಣ ಓದಿದ ಮೇಲೆ ಒಂದೇ ಒಂದು ಹುಡುಕಾಟ ಮಾಡ್ತೀರಿ ಅಂದರೆ, ನಿಮ್ಮದೇ ಮೊಬೈಲ್ ನಂಬರನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಹುಡುಕಿ. ಅಪ್ಪ ಅಮ್ಮಂದಿರ ನಂಬರನ್ನೂ ಹುಡುಕಿ. ಐದೈದು ಅಂಕಿಗೆ ಜಾಗ ಬಿಟ್ಟು ಇನ್ನೊಮ್ಮೆ. ಆಧಾರ್, ಖಾತೆ ಸಂಖ್ಯೆಗಳನ್ನು ಮಾತ್ರ ಸರ್ಚ್ ಪೆಟ್ಟಿಗೆಗೆ ಹಾಕೋಕೆ ಹೋಗಬೇಡಿ.

ನನ್ನ ಟೀಮಿನ ಒಬ್ಬ ಹುಡುಗಿ ಊಟದ ವೇಳೆಯಲ್ಲಿ ತಮಾಷೆಗೆ ಇದನ್ನೇ ಮಾಡಿದಳು. ಒಂದು ಎಕ್ಸೆಲ್ ಕಡತ ಬಂತು. ಆರು ವರ್ಷದ ಹಿಂದೆ ಅವಳು ಸೇರಿದ್ದ ಒಂದು ತರಬೇತಿಯ ಪಟ್ಟಿ. ನಾಲ್ಕು ನೂರಕ್ಕೂ ಹೆಚ್ಚು ಹೆಸರುಗಳು, ಹುಟ್ಟಿದ ದಿನಾಂಕ, ಮನೆ ವಿಳಾಸ, ಬ್ಯಾಂಕ್ ಖಾತೆ. ಹೆಚ್ಚಿನವು ಹುಡುಗಿಯರ ಹೆಸರು. ಅವಳು ತಟ್ಟೆ ಸರಿಸಿ ಸುಮ್ಮನೆ ಕೂತಳು. ಆಮೇಲೆ, “ಇವರಲ್ಲಿ ಅರ್ಧ ಜನ ಈಗ ಬೇರೆ ಬೇರೆ ಊರಲ್ಲಿ ಒಬ್ಬೊಬ್ಬರೇ ಇರ್ತಾರೆ ಸರ್” ಅಂದಳು.

ಸಂಸ್ಥೆಗೆ ಇಮೇಲ್ ಬರೆದೆವು. ಕಡತದ ವಿಳಾಸ, ಯಾವ ಹುಡುಕಾಟದಲ್ಲಿ ಸಿಕ್ಕಿತು, ನಾವು ಅದನ್ನು ಉಳಿಸಿಕೊಂಡಿಲ್ಲ ಅನ್ನೋದನ್ನೂ ಸೇರಿಸಿದೆವು. ಎರಡು ದಿನ ಬಿಟ್ಟು ಫೋನ್ ಬಂತು. “ನಮ್ಮ ಸರ್ವರ್ ಹ್ಯಾಕ್ ಮಾಡಿದ್ದೀರಾ ಮೇಡಂ? ಕಂಪ್ಲೇಂಟ್ ಕೊಡಬೇಕಾಗುತ್ತೆ.” ಅವಳು ಹೆದರಲಿಲ್ಲ. “ಸರ್, ನಿಮ್ಮ ಫೋನಿನಲ್ಲೇ ಗೂಗಲ್ ತೆಗೀರಿ, ನಾನು ಹೇಳಿದ್ದನ್ನ ಟೈಪ್ ಮಾಡಿ” ಅಂದಳು. ಆ ಕಡೆ ಸ್ವಲ್ಪ ಹೊತ್ತು ಮೌನ, ಆಮೇಲೆ ಕರೆ ಕಟ್. ಸರ್ಟ್-ಇನ್‌ಗೂ ಬರೆದೆವು. ಮೂರನೇ ವಾರಕ್ಕೆ ಕಡತ ಹೋಯಿತು. ಉತ್ತರವೇನೂ ಬರಲಿಲ್ಲ.

ಗೂಗಲ್‌ನ ಫಲಿತಾಂಶದಲ್ಲಿ ಮಾತ್ರ ಆ ಸಾಲು ಹಾಗೇ ಇತ್ತು, ಒತ್ತಿದರೆ ಪುಟ ಇಲ್ಲ ಅಂತ ಬರುತ್ತಿತ್ತು. ಮೂಲದಲ್ಲಿ ಅಳಿಸಿದ್ದು ಪದಸೂಚಿಯಿಂದ ಹೋಗೋಕೆ ಸಮಯ ಬೇಕು. ಬೇಗ ತೆಗೆಸೋಕೆ ಗೂಗಲ್‌ನದೇ ಒಂದು ಫಾರಂ ಇದೆ, ಹಳತಾದ ಫಲಿತಾಂಶ ತೆಗೆಯಿರಿ ಅಂತ ಕೋರುವುದು. ಅದನ್ನು ಅವಳೇ ತುಂಬಿದಳು. ಈಗಲೂ ತಿಂಗಳಿಗೊಮ್ಮೆ, ಸಂಬಳ ಬಂದ ದಿನ, ತನ್ನ ನಂಬರನ್ನೂ ಅಮ್ಮನ ನಂಬರನ್ನೂ ಹುಡುಕ್ತಾಳೆ.